ಒಳಗಿವಿ ಹೋದ ಹುಡುಗಿಯ ಕಥೆ ಬರೆಯುತ್ತಿರುವ ಸಿಂಚನಾಗೆ

ಚಿ. ಸಿಂಚನಾಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಹದಿನಾಲ್ಕು ಅಧ್ಯಾಯ ಎರಡು ಸಲ ಓದಿದೆ. ಎಲ್ಲರಿಗೂ ಎಲ್ಲರ ಮನಸ್ಸು ಕೇಳಿಸುವ ಮುಂದಿನ ಕಾಲದ ಬೆಂಗಳೂರು, ಅಲ್ಲಿ ಹದಿನಾರರ ಹುಡುಗಿಯೊಬ್ಬಳಿಗೆ ಆ ಶಕ್ತಿ (ಅದನ್ನು ಒಳಗಿವಿ ಅನ್ನೋಣ) ಹೋಗಿಬಿಡುವುದು, ಸರ್ಕಾರ ಅವಳನ್ನು ಊರಾಚೆ ಸಾಗಿಸಲು ಹೊರಡುವುದು. ವಸ್ತು ಗಟ್ಟಿಯಾಗಿದೆ. ಆದರೆ ಅವಳು ಕಳಕೊಂಡದ್ದು ಏನು ಅನ್ನುವುದು ಓದುವವರ ಮೈಗೆ ತಟ್ಟುತ್ತಿಲ್ಲ. "ಅವಳೊಳಗೆ ಏನೋ ಖಾಲಿಯಾಯಿತು" ಅಂತ ಐದು ಕಡೆ ಬರೆದಿದ್ದೀಯ. ಐದನ್ನೂ ಹೊಡೆದುಹಾಕು. ಖಾಲಿಯಾದದ್ದರಿಂದ ಬೆಳಿಗ್ಗೆ ಎಂಟು ಗಂಟೆಗೆ ಅವಳಿಗೆ ಏನು ತೊಂದರೆಯಾಯಿತೋ ಅದನ್ನು ಬರೆ.

ಮೊದಲು ಒಂದು ಹಾಳೆಯಲ್ಲಿ ಶಕ್ತಿಯ ಅಳತೆ ಗುರುತು ಮಾಡಿಕೊ. ನಿನ್ನ ಮೂರನೇ ಅಧ್ಯಾಯದಲ್ಲಿ ಪಕ್ಕದ ಬೀದಿಯವರ ಯೋಚನೆ ಕೇಳಿಸುತ್ತದೆ, ಒಂಬತ್ತರಲ್ಲಿ ಅಡುಗೆಮನೆಯಲ್ಲಿರುವ ಅಮ್ಮನದೇ ಕೇಳಿಸುವುದಿಲ್ಲ. ಬಯಲಲ್ಲಿ ಮೂವತ್ತು ಅಡಿ, ಇಟ್ಟಿಗೆ ಗೋಡೆ ಅಡ್ಡ ಇದ್ದರೆ ಹತ್ತು ಅಂತ ಇಟ್ಟುಕೊ, ಆಮೇಲೆ ಒಂದು ಅಡಿಯೂ ಮೀರಬೇಡ. ನಿದ್ದೆಯಲ್ಲಿರುವವರದು ಕೇಳಿಸುತ್ತದೆಯೇ? ಕೂಸಿನದು? ಸಂತೆಯಲ್ಲಿ ಒಟ್ಟಿಗೆ ಎಷ್ಟು ಜನರದನ್ನು ಬಿಡಿಸಿ ಕೇಳಬಹುದು? ತಮಿಳಿನಲ್ಲಿ ಯೋಚಿಸುವ ಪಕ್ಕದ ಮನೆಯವರ ಮಾತು ಅವಳಿಗೆ ತಿಳಿಯುತ್ತದೆಯೇ, ಬರೀ ಭಾವ ತಲುಪುತ್ತದೆಯೇ? ಬೆಂಗಳೂರಿನ ಕಥೆಯಲ್ಲಿ ಈ ಪ್ರಶ್ನೆ ದಾಟಿಕೊಂಡು ಹೋಗುವಂತಿಲ್ಲ ಕಣೆ. ಹಾಳೆ ತುಂಬಿತು ಅಂತ ಎಲ್ಲವನ್ನೂ ಕಥೆಗೆ ಸುರಿಯಬೇಡ. ಅದು ನಿನ್ನ ಮೇಜಿನ ಮೇಲಿರಲಿ.

ಅಳತೆ ಗೊತ್ತಾದ ಮೇಲೆ ಊರು ಕಟ್ಟು. ಎಲ್ಲರಿಗೂ ಒಳಗಿವಿ ಇರುವ ಊರಿನಲ್ಲಿ ಏನೇನು ಇರುವುದಿಲ್ಲ, ಯೋಚಿಸಿದ್ದೀಯಾ? ಮನೆಬಾಗಿಲಿಗೆ ಕರೆಗಂಟೆ ಬೇಡ. ಆಟೋಗೆ ಹಾರ್ನ್ ಬೇಡ. ಕಂಡಕ್ಟರು "ರೈಟ್ ರೈಟ್" ಅನ್ನಬೇಕಾಗಿಲ್ಲ, ಬಸ್ಸಿಗೆ ಬೋರ್ಡೂ ಬೇಡ, ಎಲ್ಲಿಗೆ ಹೋಗುತ್ತದೆ ಅನ್ನುವುದು ಡ್ರೈವರನ ಮನಸ್ಸಿನಲ್ಲೇ ಇದೆ. ಆಸ್ಪತ್ರೆಯಲ್ಲಿ ಟೋಕನ್ ನಂಬರ್ ಕೂಗುವುದಿಲ್ಲ, ತರಕಾರಿ ಗಾಡಿಯವನು ಸೊಪ್ಪು ಸೊಪ್ಪು ಅಂತ ಕೂಗುವುದಿಲ್ಲ. ಅಂಥ ಊರಿನಲ್ಲಿ ಶಕ್ತಿ ಹೋದವಳಿಗೆ ಮೊದಲ ಅಪಾಯ ರಸ್ತೆ ದಾಟುವಾಗ. ಹಿಂದಿನಿಂದ ಬರುವ ಬಸ್ಸು ಅವಳಿಗೆ ಗೊತ್ತೇ ಆಗದು, ಡ್ರೈವರಿಗೆ ಅವಳಿಗೆ ಗೊತ್ತಾಗದು ಅನ್ನುವುದು ಹೊಳೆಯದು. ನೀನು ಹದಿನಾಲ್ಕು ಪುಟ ಸರ್ಕಾರದ ಕ್ರೌರ್ಯ ಬಣ್ಣಿಸಿದ್ದೀಯ. ಹಾರ್ನ್ ಇಲ್ಲದ ಆ ಒಂದು ಬಸ್ಸು ಅಷ್ಟು ಕೆಲಸವನ್ನೂ ಮಾಡುತ್ತದೆ, ಯಾಕೆಂದರೆ ಅಲ್ಲಿ ಯಾರೂ ಕೆಟ್ಟವರಲ್ಲ. ಊರನ್ನು ಕಟ್ಟಿದವರ ಲೆಕ್ಕದಲ್ಲಿ ಅವಳು ಇರಲೇ ಇಲ್ಲ.

ಇನ್ನು ಶಕ್ತಿ ಹೋಗುವ ಬಗೆ. ಸ್ವಿಚ್ ಆರಿಸಿದ ಹಾಗೆ ಒಂದೇ ರಾತ್ರಿ ಕಳೆದಿದ್ದೀಯ. ನಿಜವಾದ ಇಂದ್ರಿಯಗಳು ಹೇಗೆ ಹೋಗುತ್ತವೆ ನೋಡು. ವಯಸ್ಸಾದವರ ಕಿವಿ ಮಂದವಾಗುವಾಗ ಸಾಮಾನ್ಯವಾಗಿ ಮೊದಲು ಹೋಗುವುದು ಎತ್ತರದ ಸ್ವರ. ಸ, ಶ, ಫ ಥರದ ವ್ಯಂಜನಗಳು ಕರಗುತ್ತವೆ, ಸ್ವರಾಕ್ಷರಗಳು ಉಳಿಯುತ್ತವೆ. ಅದಕ್ಕೇ ಅಜ್ಜಂದಿರು "ಕೇಳಿಸುತ್ತೆ, ಏನಂದೆ ಅಂತ ಗೊತ್ತಾಗಲಿಲ್ಲ" ಅನ್ನುವುದು. ನಿನ್ನ ಹುಡುಗಿಗೂ ಮೊದಲು ಪದಗಳು ಹೋಗಲಿ, ಭಾವ ಉಳಿಯಲಿ. ಅಮ್ಮ ಸಿಟ್ಟಾಗಿದ್ದಾಳೆ ಅನ್ನುವುದು ಮುಟ್ಟುತ್ತದೆ, ಯಾರ ಮೇಲೆ ಅನ್ನುವುದು ಮುಟ್ಟುವುದಿಲ್ಲ. ಆ ಒಂದು ವಾರದಲ್ಲಿ ಎಷ್ಟು ಜಗಳ ಹುಟ್ಟಬಹುದು ಲೆಕ್ಕ ಹಾಕು.

ಪೂರ್ತಿ ಹೋದ ಮೇಲೂ ಮೌನ ಬರುವುದಿಲ್ಲ. ಕಿವಿ ಮಂದವಾದ ಅನೇಕರಿಗೆ ಹೊರಗೆ ಇಲ್ಲದ ಗುಂಯ್ ಸದ್ದು ಕೇಳಿಸುತ್ತದೆ. ಕತ್ತರಿಸಿದ ಕೈ ಇನ್ನೂ ಇದೆ, ನೋಯುತ್ತಿದೆ ಅನ್ನಿಸುವುದನ್ನು ಅಮೆರಿಕದ ಅಂತರ್ಯುದ್ಧದ ಗಾಯಾಳುಗಳಲ್ಲಿ ಕಂಡ ವೈದ್ಯ ಸೈಲಸ್ ವಿಯರ್ ಮಿಚೆಲ್ 1871ರಲ್ಲಿ ಅದಕ್ಕೆ 'ಫ್ಯಾಂಟಮ್ ಲಿಂಬ್' ಅಂತ ಹೆಸರಿಟ್ಟ. ಕೋವಿಡ್ ಬಂದು ವಾಸನೆ ಹೋದ ಕೆಲವರಿಗೆ ಅದು ಮರಳುವಾಗ ಸೊಟ್ಟಾಗಿ ಮರಳಿತು, ಕಾಫಿ ಕೊಳೆತಂತೆ ನಾರಿತು. ಈ ಮೂರರಲ್ಲೂ ನಿನಗೆ ಕಥೆಯಿದೆ. ತಂಗಿ "ನೀನು ತೊಲಗು" ಅಂದುಕೊಂಡದ್ದು ಅವಳಿಗೆ ಕೇಳಿಸಿತು. ಅದು ತಂಗಿಯದೋ, ತನ್ನ ಮಿದುಳೇ ಹುಟ್ಟಿಸಿದ್ದೋ? ಬಾಯಿಬಿಟ್ಟು ಕೇಳಬೇಕು, ಆದರೆ ಕೇಳಿದರೆ ತನಗೆ ಶಕ್ತಿ ಹೋಗಿದೆ ಅಂತ ಬಯಲಾಗುತ್ತದೆ. ನಿನ್ನ ಕಾದಂಬರಿಯ ನಡುಭಾಗ ಜೋಲುತ್ತಿದೆಯಲ್ಲ, ಅಲ್ಲಿಗೆ ಇದನ್ನು ತುಂಬು.

ಭಾಷೆಯ ವಿಷಯ ಸ್ವಲ್ಪ ನಿಧಾನವಾಗಿ ಓದು. ಕನ್ನಡದಲ್ಲಿ ನಮಗೆ 'ಅಂತೆ' ಇದೆ. ಕಣ್ಣಾರೆ ಕಾಣದ್ದನ್ನು, ಇನ್ನೊಬ್ಬರಿಂದ ಕೇಳಿದ್ದನ್ನು 'ಬಂದನಂತೆ, ಹೋದನಂತೆ' ಅನ್ನುತ್ತೇವೆ. ಊಹೆಗೆ 'ಇರಬೇಕು', ಅನುಮಾನಕ್ಕೆ 'ಏನೋ'. ಎಲ್ಲರ ಮನಸ್ಸೂ ನೇರ ಕೇಳಿಸುವ ಊರಿನಲ್ಲಿ ಎದುರಿಗಿರುವವರ ಸಿಟ್ಟು, ಆಸೆ, ಭಯದ ಬಗ್ಗೆ ಇವು ಯಾವುವೂ ಬೇಕಾಗುವುದಿಲ್ಲ. ಹಾಗಾಗಿ ಶಕ್ತಿ ಇರುವ ಅಧ್ಯಾಯಗಳಲ್ಲಿ ಇವನ್ನು ಹುಡುಕಿ ಹುಡುಕಿ ತೆಗೆ. "ಅಮ್ಮನಿಗೆ ಬೇಜಾರಾಗಿದೆ", ಅಷ್ಟೇ. ಶಕ್ತಿ ಹೋದ ಮೇಲೆ ಮೊದಲ ಸಲ "ಅಮ್ಮನಿಗೆ ಬೇಜಾರಾಗಿರಬೇಕು" ಅಂತ ಬರಲಿ. ಓದುವ ಹುಡುಗರಿಗೆ ಕಾರಣ ತಿಳಿಯದಿದ್ದರೂ ನೆಲ ಅಲುಗಿದ್ದು ತಿಳಿಯುತ್ತದೆ. 'ನೀನು', 'ನೀವು' ಕೂಡ ಹಾಗೆಯೇ. ಒಳಗಿನ ತಾತ್ಸಾರ ಕೇಳಿಸುವಲ್ಲಿ ಬಹುವಚನಕ್ಕೆ ಬೆಲೆಯಿಲ್ಲ, ಆ ಊರಿನಲ್ಲಿ 'ನೀವು' ಎಂದೋ ಸತ್ತಿರಬಹುದು. ಊರ ಗಡಿಯಾಚೆ ಸಿಗುವ ಮುದುಕಿ ಅವಳಿಗೆ "ಬನ್ನಿ, ಕೂತ್ಕೊಳ್ಳಿ" ಅಂದಾಗ ಅದು ಹೊಸ ಮಾತಾಗಿ ಕೇಳಿಸಲಿ.

ಕೇಳಿಸಿದ ಯೋಚನೆಗಳನ್ನೆಲ್ಲ ಇಟಾಲಿಕ್ ಮಾಡಿದ್ದೀಯ. ನಮ್ಮ ಬಹುಪಾಲು ಫಾಂಟುಗಳಿಗೆ ನಿಜವಾದ ಇಟಾಲಿಕ್ ಇಲ್ಲ, ಕಂಪ್ಯೂಟರು ಅಕ್ಷರವನ್ನು ಸುಮ್ಮನೆ ಓರೆ ಮಾಡುತ್ತದೆ, ಒತ್ತಕ್ಷರ ಪಕ್ಕದ್ದಕ್ಕೆ ಹೋಗಿ ತಾಗುತ್ತದೆ. ಯೋಚನೆಯನ್ನು ಉದ್ಧರಣ ಚಿಹ್ನೆಯಿಲ್ಲದೆ ಬೇರೆ ಸಾಲಿನಲ್ಲಿ ಇಡು. ಶಕ್ತಿ ಹೋದ ಮೇಲೆ ಅದೇ ಜಾಗದಲ್ಲಿ ಒಂದು ಸಾಲು ಬಿಳಿ ಬಿಡು.

'ಟೆಲಿಪತಿ' ಅಂತ ಅಲ್ಲಿನ ಮಕ್ಕಳು ಅನ್ನುವುದಿಲ್ಲ, ಹುಟ್ಟಿನಿಂದ ಇರುವುದಕ್ಕೆ ಮನೆಮಾತಿನ ಹೆಸರೇ ಇರುತ್ತದೆ. ಅದಕ್ಕೇ ನಾನು ಒಳಗಿವಿ ಅಂತ ಬರೆಯುತ್ತಾ ಬಂದೆ, ಬೇಕಿದ್ದರೆ ಇಟ್ಟುಕೊ. ಕಳಕೊಂಡವರನ್ನು 'ಕಿವುಡರು' ಅಂತ ಬೈಯಿಸಿದ್ದೀಯಲ್ಲ, ಅದನ್ನು ತೆಗೆ. ಕಿವಿ ಕೇಳದ ಮಗು ಈ ಪುಸ್ತಕ ಓದುತ್ತದೆ ಅನ್ನುವುದು ನೆನಪಿರಲಿ. ಸರ್ಕಾರ ಬೈಯುವುದೂ ಬೇಡ. ಅದು ಮೆತ್ತಗೆ ಮಾತಾಡಲಿ: 'ಮೌನವರ್ಗ', 'ವಿಶ್ರಾಂತಿ ವಸತಿ', 'ಮರುನೆಲೆ ಆದೇಶ'. ನೋಟಿಸಿನಲ್ಲಿ ಅಂಥ ಪದ ಓದಿದಾಗಲೇ ಹೊಟ್ಟೆ ತಣ್ಣಗಾಗುವುದು.

ನಿನ್ನ ಸರ್ಕಾರಿ ಪರೀಕ್ಷೆಯಲ್ಲಿ ಹೆಲ್ಮೆಟ್ಟು, ವೈರು, ನೀಲಿ ಬೆಳಕು ಇದೆ. ಅದರ ಬದಲು ನಿಜವಾಗಿ ನಡೆದದ್ದೊಂದನ್ನು ತಗೊ. 1930ರ ದಶಕದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೆ. ಬಿ. ರೈನ್ ಅತೀಂದ್ರಿಯ ಶಕ್ತಿ ಅಳೆಯಲು ಝೀನರ್ ಕಾರ್ಡು ಬಳಸಿದರು. ವೃತ್ತ, ಕೂಡು ಗುರುತು, ಅಲೆ, ಚೌಕ, ನಕ್ಷತ್ರ ಹೀಗೆ ಐದು ಗುರುತು, ತಲಾ ಐದು, ಒಟ್ಟು 25 ಕಾರ್ಡು. ಸುಮ್ಮನೆ ಊಹಿಸಿದರೂ ಸರಾಸರಿ 5 ಸರಿಯಾಗುತ್ತದೆ. ಈಗ ಒಂಬತ್ತೋ ಅದಕ್ಕಿಂತ ಹೆಚ್ಚೋ ಬಂದರೆ ಶಕ್ತಿ ಇದೆ ಅಂತ ಸರ್ಕಾರ ನಿಯಮ ಮಾಡಿತು ಅನ್ನು. ಯಾವ ಶಕ್ತಿಯೂ ಇಲ್ಲದ 1000 ಮಕ್ಕಳಲ್ಲಿ ಸುಮಾರು 45ರಿಂದ 50 ಮಂದಿ ಬರೀ ಅದೃಷ್ಟದಿಂದ ಪಾಸಾಗುತ್ತಾರೆ. ಅವರನ್ನೇ ಮರುವರ್ಷ ಕೂರಿಸಿದರೆ ಮತ್ತೆ ಒಂಬತ್ತು ಮುಟ್ಟುವವರು ಇಬ್ಬರೋ ಮೂವರೋ. ಉಳಿದವರೆಲ್ಲ 'ಶಕ್ತಿ ಕಳಕೊಂಡವರು'! ರೈನ್ ಅವರ ಪ್ರಯೋಗಗಳಲ್ಲೂ ಮೊದಲು ಚೆನ್ನಾಗಿ ಹೇಳಿದವರ ಅಂಕ ಬರುಬರುತ್ತಾ ಇಳಿದದ್ದುಂಟು. ಆಗಿನ ಕೆಲವು ಕಾರ್ಡುಗಳ ಗುರುತು ಹಿಂಬದಿಯಿಂದಲೇ ಕಾಣಿಸುತ್ತಿತ್ತು ಅನ್ನುವ ಆಕ್ಷೇಪವೂ ಬಂತು.

ಇದರಿಂದ ನಿನ್ನ ಕಥೆಗೆ ಎರಡನೇ ಅಂತಸ್ತು ಸಿಗುತ್ತದೆ. ಹುಡುಗಿಯ ಶಕ್ತಿ ನಿಜ, ಅದು ಹೋದದ್ದೂ ನಿಜ. ಆದರೆ ವಿಶ್ರಾಂತಿ ವಸತಿಯಲ್ಲಿ ಅವಳ ಜೊತೆಗಿರುವ ಅರ್ಧಕ್ಕರ್ಧ ಮಂದಿಗೆ ಅದು ಎಂದೂ ಇರಲೇ ಇಲ್ಲ, ಭಯಕ್ಕೆ ಇದ್ದಂತೆ ನಟಿಸುತ್ತಿದ್ದರು. ಕಾಗದ ಪೆನ್ಸಿಲು ಹಿಡಿದು ಈ ಲೆಕ್ಕ ಬಿಡಿಸುವ ಒಬ್ಬ ಮೇಷ್ಟ್ರು ಅಲ್ಲಿರಲಿ. ನಮ್ಮಲ್ಲೇ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ್ದರು. ಪ್ರಶ್ನೆ ಕೇಳದೆ ಒಪ್ಪಬೇಡಿ ಅನ್ನುವ ಆ ತಳಿಯ ಮೇಷ್ಟ್ರು ಈ ನೆಲದವರೇ, ಹೊರಗಿನಿಂದ ತರಬೇಕಿಲ್ಲ.

ಶಕ್ತಿ ಯಾಕೆ ಹೋಯಿತು ಅನ್ನುವುದಕ್ಕೆ ಕೊನೆಯಲ್ಲಿ ವಿಷದ ಇಂಜೆಕ್ಷನ್ ತಂದಿದ್ದೀಯ. ಅದು ಹೊರಗಿನಿಂದ ಅಂಟಿಸಿದಂತಿದೆ. ಕರ್ಣನನ್ನು ನೋಡು. ಬ್ರಾಹ್ಮಣನೆಂದು ಸುಳ್ಳು ಹೇಳಿ ಪರಶುರಾಮನಲ್ಲಿ ಅಸ್ತ್ರ ಕಲಿತ, ಅದೇ ಸುಳ್ಳಿನಿಂದ ಬೇಕಾದ ಹೊತ್ತಿಗೆ ಮರೆತ. ಬಂದ ದಾರಿಯಲ್ಲೇ ಹೋಯಿತು. ಅರ್ಜುನನದು ಇನ್ನೊಂದು ಬಗೆ. ಕೃಷ್ಣ ಹೋದ ಮೇಲೆ ದ್ವಾರಕೆಯ ಹೆಂಗಸರನ್ನು ಕರೆತರುವಾಗ ಕಳ್ಳರು ಬಿದ್ದರು. ಗಾಂಡೀವಕ್ಕೆ ಹೆದೆಯೇರಿಸಲು ಹೆಣಗಿದ, ಅಸ್ತ್ರಗಳು ನೆನಪಿಗೆ ಬರಲಿಲ್ಲ, ಮುಗಿಯದ ಬತ್ತಳಿಕೆ ಮುಗಿಯಿತು. ಅಲ್ಲಿ ಶಾಪವಿಲ್ಲ, ಆಸರೆ ಹೋಗಿತ್ತು. ನಿನ್ನ ಹುಡುಗಿಯದು ಯಾವ ಬಗೆ ಅಂತ ನೀನೇ ತೀರ್ಮಾನಿಸು, ಆದರೆ ಅದರ ಬೀಜ ಎರಡನೇ ಅಧ್ಯಾಯದೊಳಗೇ ಬಿದ್ದಿರಬೇಕು. ಕೊನೆಯಲ್ಲಿ ಶಕ್ತಿ ಮರಳಿಸುವ ಯೋಚನೆ ಇದ್ದರೆ ಬಿಡು. ಮರಳಿಸಿದರೆ ಇಲ್ಲದವರ ಬದುಕು ಬದುಕೇ ಅಲ್ಲ ಅಂತ ಸರ್ಕಾರದ ಮಾತನ್ನೇ ನೀನೂ ಹೇಳಿದಂತೆ.

ಅಳತೆಗೆ 40 ಅಧ್ಯಾಯ, 50,000 ಪದ ಸಾಕು. ಮೊದಲ ನಾಲ್ಕು ಅಧ್ಯಾಯ ಶಕ್ತಿ ಸುಖವಾಗಿ ಕೆಲಸ ಮಾಡಲಿ, ತಂಗಿಯ ಜೊತೆ ಮಾತಿಲ್ಲದೆ ನಗುವ ಒಂದು ದೃಶ್ಯವಾದರೂ ಬೇಕು. ಐದರಿಂದ ಎಂಟರೊಳಗೆ ಹೋಗಲಿ.

ಎಲ್ಲಕ್ಕಿಂತ ಮೊದಲು ಆ ಬಸ್ಸಿನ ದೃಶ್ಯ ಬರೆ. ಉಗಾದಿಗೆ ಬರುವಾಗ ಅದೊಂದನ್ನೇ ತಾ. ನೀನು ಜೋರಾಗಿ ಓದು, ನಾಲಿಗೆ ಎಡವಿದಲ್ಲಿ ನಾನು ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ