ಶುಭ ಶುಕ್ರವಾರಕ್ಕೆ ಮುಂಚೆ ಮಗಳಿಗೊಂದು ಪತ್ರ

ಮಗಳೇ,

ನಿನ್ನೆ ಫೋನಿನಲ್ಲಿ ಇಬ್ಬರ ಮಾತೂ ಜೋರಾಯಿತು. ನೋವಾಗಿದ್ದರೆ ಕ್ಷಮಿಸು ಕಂದಾ. ಆದರೆ ಶುಭ ಶುಕ್ರವಾರ ಬರೀ ನೀರು ಕುಡಿದು ಇರುತ್ತೇನೆ, ಅವತ್ತು ಇನ್ಸುಲಿನ್ನೂ ಬೇಡ ಅಂದೆಯಲ್ಲ, ಆ ಮಾತನ್ನು ಮಾತ್ರ ಒಪ್ಪಲಾರೆ.

ಧರ್ಮಸಭೆ ನಿನ್ನಿಂದ ಇದನ್ನು ಕೇಳಿಯೇ ಇಲ್ಲ. ಕಡ್ಡಾಯ ಉಪವಾಸ ಇರುವುದು ವರ್ಷಕ್ಕೆ ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ 18 ತುಂಬಿದವರಿಗೆ, 59 ತುಂಬುವವರೆಗೆ. ಆ ದಿನಗಳಲ್ಲೂ ಒಂದು ಪೂರ್ತಿ ಊಟ, ಮತ್ತೆರಡು ಹೊತ್ತು ಸ್ವಲ್ಪ ಸ್ವಲ್ಪ ತಿನ್ನಬಹುದು. ಕಾಯಿಲೆಯವರಿಗೆ ಅಷ್ಟೂ ಕಡ್ಡಾಯವಲ್ಲ. ಮಾಂಸ ಬಿಡು, ಧಾರಾಳವಾಗಿ ಬಿಡು. ಅದರಿಂದ ನಿನಗೇನೂ ತೊಂದರೆಯಿಲ್ಲ.

ಇನ್ಸುಲಿನ್ ವಿಷಯ ಹಾಗಲ್ಲ. ಊಟ ಬಿಟ್ಟರೂ ಲಿವರ್ ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತದೆ. ಇಡೀ ದಿನದ ಇನ್ಸುಲಿನ್ ತಪ್ಪಿಸಿದರೆ ಟೈಪ್ 1 ಸಕ್ಕರೆ ಕಾಯಿಲೆ ಇರುವ ದೇಹ ಕೊಬ್ಬನ್ನು ಉರಿಸತೊಡಗುತ್ತದೆ, ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರುತ್ತದೆ, ವಾಂತಿ, ಹೊಟ್ಟೆನೋವು, ಏದುಸಿರು, ಆಮೇಲೆ ಐಸಿಯು. ದಿನವಿಡೀ ಕೆಲಸ ಮಾಡುವ ಇನ್ಸುಲಿನ್ನಿನ ಡೋಸ್ ಎಷ್ಟು ಇಳಿಸಬೇಕೆಂದು ಡಾಕ್ಟರು ಹೇಳಲಿ. ಪೂರ್ತಿ ನಿಲ್ಲಿಸುವ ಮಾತೇ ಬೇಡ. ಊಟದ ಹೊತ್ತಿನ ಡೋಸ್ ಮಾತ್ರ ಊಟ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇದಕ್ಕಿಂತ ನನಗೆ ದೊಡ್ಡ ಭಯ ರಾತ್ರಿಯದು. ಬೆಳಗ್ಗೆ ಬಿಸಿಲಲ್ಲಿ ಶಿಲುಬೆ ಹಾದಿ, 14 ಸ್ಥಳಗಳಲ್ಲೂ ಮೊಣಕಾಲೂರಿ ಏಳುವುದು, ಮಧ್ಯಾಹ್ನ ಮೂರಕ್ಕೆ ಮತ್ತೆ ಆರಾಧನೆ. ಅಷ್ಟು ನಡೆದ ಮೈಯಲ್ಲಿ ಸಕ್ಕರೆ ಆ ಕ್ಷಣಕ್ಕೇ ಇಳಿಯಬೇಕೆಂದಿಲ್ಲ, ಎಷ್ಟೋ ಗಂಟೆಯಾದ ಮೇಲೆ ನಿದ್ದೆಯಲ್ಲಿ ಇಳಿಯಬಹುದು. ವೈಟ್‌ಫೀಲ್ಡಿನ ಪೀಜಿಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದ್ದರೆ ಯಾರಿಗೆ ಗೊತ್ತಾಗಬೇಕು? ಮಲಗುವ ಮುಂಚೆ ಚೆಕ್ ಮಾಡು, ರಾತ್ರಿ ಮೂರಕ್ಕೆ ಅಲಾರಂ ಇಟ್ಟು ಇನ್ನೊಮ್ಮೆ ಮಾಡು. 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಗ್ಲೂಕೋಸ್ ಪುಡಿ, ಅಂದರೆ ಸುಮಾರು 15 ಗ್ರಾಂ, ನೀರಿಗೆ ಹಾಕಿ ಕುಡಿ. 15 ನಿಮಿಷ ಬಿಟ್ಟು ಮತ್ತೆ ನೋಡು, ಏರಿರದಿದ್ದರೆ ಇನ್ನೊಮ್ಮೆ ಕುಡಿ. ಚಾಕಲೇಟ್ ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡಮಾಡುತ್ತದೆ. ಒಮ್ಮೆ ಇಳಿಯಿತೆಂದರೆ ಉಪವಾಸ ಅಲ್ಲಿಗೆ ಮುಗಿಯಿತು. ಪಕ್ಕದ ಹಾಸಿಗೆಯ ಹುಡುಗಿಗೂ ಹೇಳಿಡು: ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ಮಗ್ಗುಲಿಗೆ ತಿರುಗಿಸಿ 108ಕ್ಕೆ ಫೋನ್ ಮಾಡಬೇಕು. ಹೇಳಲು ನಾಚಿಕೆ ಬೇಡ ಮಗಳೇ, ದಯವಿಟ್ಟು ಹೇಳು.

ಪರಮಪ್ರಸಾದದ ಸಾಲಿನಲ್ಲಿ ನಿಂತಿರುವಾಗ ಕೈ ನಡುಗಿದರೆ ಅಲ್ಲೇ ಗ್ಲೂಕೋಸ್ ಬಾಯಿಗೆ ಹಾಕಿಕೋ. ಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸ ಕೆಟ್ಟಿತೆಂಬ ಅಳುಕು ಬೇಡ, ಕಾಯಿಲೆಯವರಿಗೆ ಆ ನಿಯಮದಿಂದ ವಿನಾಯಿತಿಯಿದೆ. ಆರಾಧನೆ ಮುಗಿದ ಮೇಲೆ ಗಂಜಿ ಕೊಟ್ಟರೆ ಕುಡಿ, ಆದರೆ ನುಣ್ಣಗೆ ಬೆಂದ ಅನ್ನ ಸಕ್ಕರೆಯನ್ನು ಸರ್ರನೆ ಏರಿಸುತ್ತದೆ. ಜೊತೆಗೆ ಹೆಸರುಕಾಳಿನ ಪಲ್ಯ ಇರಲಿ.

ನಿನ್ನ ಛಲ ನೋಡಿದರೆ ಹೆಮ್ಮೆಯಾಗುತ್ತದೆ, ಸುಳ್ಳಲ್ಲ. ಪ್ರಭುವಿಗೆ ಏನಾದರೂ ಕೊಡಬೇಕೆಂಬ ಆಸೆ ಈ ವಯಸ್ಸಿಗೆ ಎಷ್ಟು ಜನಕ್ಕಿದೆ? ಆದರೆ ಯೇಸುಸ್ವಾಮಿ ತಮ್ಮ ದೇಹವನ್ನು ಕೊಟ್ಟದ್ದು ಬೇರೆಯವರಿಗಾಗಿ. ನೀನು ಬಿಟ್ಟ ಇನ್ಸುಲಿನ್ ಯಾರ ಹೊಟ್ಟೆಯನ್ನೂ ತುಂಬಿಸುವುದಿಲ್ಲ. ಯೆಶಾಯ 58 ಓದು. ಹಸಿದವನಿಗೆ ರೊಟ್ಟಿ ಹಂಚುವುದು, ನೊಗ ಕಳಚುವುದು, ದೇವರು ಬಯಸುವ ಉಪವಾಸ ಅದು ಎಂದಿದೆ. ಈ ವಾರ ಸ್ವಿಗ್ಗಿಗೆ ಹೋಗುವ ದುಡ್ಡನ್ನು ಕಾಣಿಕೆ ಡಬ್ಬಿಗೆ ಹಾಕು. ರಾತ್ರಿ ಶಿಫ್ಟಿನ ಸೆಕ್ಯುರಿಟಿಯವರಿಗೆ ಊಟ ಕೊಡಿಸು.

ಶನಿವಾರ ಪಾಸ್ಖ ಜಾಗರಣೆಯಲ್ಲಿ, ಅಂದರೆ ಈಸ್ಟರ್ ಹಿಂದಿನ ರಾತ್ರಿಯ ಆರಾಧನೆಯಲ್ಲಿ, ದೊಡ್ಡ ಪಾಸ್ಖ ಮೇಣದಬತ್ತಿಯನ್ನು ಹತ್ತಿರದಿಂದ ನೋಡು. ಶಿಲುಬೆ ಗುರುತಿನಲ್ಲಿ ಐದು ಸಾಂಬ್ರಾಣಿ ಕಾಳುಗಳನ್ನು ಚುಚ್ಚಿರುತ್ತಾರೆ, ಪ್ರಭುವಿನ ಐದು ಗಾಯಗಳಿಗಾಗಿ. ಪುನರುತ್ಥಾನವಾದ ಮೇಲೂ ಆ ಗಾಯಗಳು ಮಾಯವಾಗಲಿಲ್ಲ, ಅವನ್ನೇ ತೋಮನಿಗೆ ತೋರಿಸಿದರು. ನಿನ್ನ ಕಾಯಿಲೆ ವಾಸಿಯಾಗದಿದ್ದರೂ ಪಾಸ್ಖ ನಿನ್ನದೂ ಹೌದು, ಅದನ್ನು ಹಸಿದು ಸಂಪಾದಿಸಬೇಕಿಲ್ಲ.

ಜಾಗರಣೆಯಲ್ಲಿ ಬೈಬಲ್ ವಾಚನಗಳ ಸಂಖ್ಯೆಯೇ ಒಂಬತ್ತರವರೆಗೂ ಇರುತ್ತದೆ, ತಡವಾಗುತ್ತದೆ. ಶಿವಾಜಿನಗರದ ಚರ್ಚಿಗೆ ನಾನೂ ಅಮ್ಮನೂ ಬರುತ್ತೇವೆ, ಮುಗಿದ ಮೇಲೆ ಮನೆಗೇ ಬಾ. ಸಕ್ಕರೆ ಚೆಕ್ ಮಾಡುವ ಸ್ಟ್ರಿಪ್ ಎಷ್ಟು ಉಳಿದಿವೆ ನೋಡಿ ಇವತ್ತೇ ತಿಳಿಸು, ಕಡಿಮೆಯಿದ್ದರೆ ಗುರುವಾರವೇ ತಂದುಕೊಡುತ್ತೇನೆ. ಶುಕ್ರವಾರ ಎದ್ದ ಕೂಡಲೇ ರೀಡಿಂಗ್ ಕಳಿಸು.

ಇಂತಿ,
ಅಪ್ಪ