ಹೂ ಬಿಡದ ಗಿಡದ ಕಡೆಯಿಂದ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನೀನು ಕಳಿಸಿದ ಫೋಟೋ ನೋಡಿದೆ. ಕಿಟಕಿ ಪಕ್ಕದ ನಿನ್ನ ಫಲೆನಾಪ್ಸಿಸ್ ಆರ್ಕಿಡ್ ಎರಡು ದಂಟು ಹಾಕಿ ಮೈತುಂಬ ಹೂ ಬಿಟ್ಟು ನಿಂತಿದೆ. ಕೆಳಗೆ ನಿನ್ನ ಮಾತು ಬೇರೆ: "ನಾನು ಮರೆತು ಬಿಟ್ಟ ಗಿಡವೇ ಹೀಗೆ. ದ್ವೀಪದಲ್ಲಿರೋ ನಿನಗೇನಪ್ಪಾ, ಎಸೆದ ಕಡೆ ಆರ್ಕಿಡ್ ಬೆಳೆಯುತ್ತೆ!" ಓದಿ ನಗು ಬಂತು. ಹೊಟ್ಟೆಯೂ ಸ್ವಲ್ಪ ಉರಿಯಿತು. ಅದೇ ಜಾತಿಯ ಗಿಡ ನನ್ನ ಹತ್ತಿರ ಮೂರು ವರ್ಷದಿಂದ ಇದೆ ಮಾರಾಯ. ಬರೀ ಎಲೆ. ಅಂಗೈಯಗಲದ, ಹೊಳೆಯುವ, ಸೊಕ್ಕಿದ ಎಲೆ. ಹೂವಿನ ಸುದ್ದಿಯೇ ಇಲ್ಲ.

ತಪ್ಪು ನನ್ನದಲ್ಲ, ಸಮುದ್ರದ್ದು. ಈ ಗಿಡ ಹೂದಂಟು ಹೊರಡಿಸಬೇಕಾದರೆ ಕೆಲವು ವಾರ ತಂಪು ಬೇಕು, ಸುಮಾರು 25 ಡಿಗ್ರಿಗಿಂತ ಕೆಳಗೆ. ಹಗಲೂ ರಾತ್ರಿ 28 ಡಿಗ್ರಿಯ ಮೇಲೇ ಇದ್ದರೆ ಅದು ಸುಮ್ನೆ ಎಲೆ ಹಾಕುತ್ತಾ ಕೂತುಬಿಡುತ್ತದೆ. ನಿಮ್ಮಲ್ಲಿ ಚಳಿಗಾಲ ಅಂತ ಒಂದಿದೆ. ಇಲ್ಲಿ ಹಗಲೆಲ್ಲ ಕಾದ ಕಡಲು ರಾತ್ರಿಯಿಡೀ ಆ ಸೆಕೆಯನ್ನು ವಾಪಸ್ ಕೊಡುತ್ತದೆ. ತಮಾಷೆ ಏನು ಗೊತ್ತಾ? ಇದರ ಮೂಲದವರೂ ಫಿಲಿಪ್ಪೀನ್ಸ್, ಇಂಡೋನೇಷ್ಯಾದಂಥ ದ್ವೀಪಗಳವರೇ. ಆದರೆ ಅವರಿದ್ದದ್ದು ಕಾಡಿನ ನೆರಳಲ್ಲಿ, ಮರದ ಮೇಲೆ. ನನ್ನದು ಸಿಮೆಂಟಿನ ಜಗಲಿ.

ಮೊದಲ ವರ್ಷ ನಾನು ಐದು ಗಿಡ ಕೊಂದೆ. ನೀರಿಲ್ಲದೆ ಅಲ್ಲ, ಕುಡಿಸಿ ಕುಡಿಸಿ ಕೊಂದೆ. ತೆಂಗಿನ ನಾರಿನ ಪುಡಿ ತುಂಬಿದ ಕುಂಡದಲ್ಲಿ ನೆಟ್ಟು, ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು. ಇಲ್ಲಿ ಒಣಹಾಕಿದ ಬಟ್ಟೆಯೇ ಎರಡು ದಿನ ಒದ್ದೆ ಇರುತ್ತದೆ, ಆ ಪುಡಿ ಯಾವಾಗ ಒಣಗಬೇಕು? ಎಲೆ ಬಾಡಿದ ಹಾಗೆ ಕಂಡರೆ ಇನ್ನೊಂದು ಚೊಂಬು. ಕೊನೆಗೆ ಕುಂಡ ಬೋರಲು ಹಾಕಿ ನೋಡಿದೆ. ಬೇರು ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಮೇಲಿನ ಸಿಪ್ಪೆ ಕಾಲುಚೀಲದ ಹಾಗೆ ಕಳಚಿ ಬಂತು. ಉಳಿದದ್ದು ಒಳಗಿನ ಒಂದು ದಾರ, ಅಷ್ಟೇ.

ಆ ಸಿಪ್ಪೆಯಲ್ಲೇ ಇರೋದು ಎಲ್ಲಾ ಗುಟ್ಟು. ನಾವು ಬೆಳೆಸುವ ಆರ್ಕಿಡ್‌ಗಳಲ್ಲಿ ಹೆಚ್ಚಿನವು ಮರದ ಮೇಲೆ ಬದುಕುವಂಥವು. ಮರದ ಮೇಲೆ ಅಂದ ಕೂಡಲೇ ಜನ ಬಂದಳಿಕೆ ಅಂತಾರೆ. ಅಲ್ಲ ಕಣೋ. ಬಂದಳಿಕೆ ಮರದ ರಸ ಹೀರುತ್ತದೆ, ಇದು ಬರೀ ಜಾಗ ಕೇಳುತ್ತದೆ. ಬೇರಿನ ಸುತ್ತ ಸ್ಪಂಜಿನಂಥ ಸತ್ತ ಪದರ ಒಂದಿದೆ. ಮಳೆ ಬಿದ್ದ ಕ್ಷಣದಲ್ಲಿ ಅದು ನೀರು ಹೀರಿಕೊಳ್ಳುತ್ತದೆ, ಆಮೇಲೆ ಗಾಳಿಗೆ ಒಣಗುತ್ತದೆ. ಆ ಒಣಗುವಿಕೆಯೂ ಅದಕ್ಕೆ ಊಟದಷ್ಟೇ ಮುಖ್ಯ. ನಾನು ಅದನ್ನೇ ಕಿತ್ತುಕೊಂಡಿದ್ದೆ.

ಈಗ ಇದ್ದಿಲು, ಒಡೆದ ಹಂಚಿನ ಚೂರು, ದಪ್ಪ ತೆಂಗಿನ ಸಿಪ್ಪೆಯ ತುಂಡು. ಅಷ್ಟು ಸಾಕು. ವ್ಯಾಂಡಾ ಅಂತ ಇನ್ನೊಂದು ಆರ್ಕಿಡ್ ಇದೆ, ಅದಕ್ಕೆ ಅದೂ ಬೇಡ. ಮರದ ಪಟ್ಟಿಯ ಖಾಲಿ ಬುಟ್ಟಿಯಲ್ಲಿ ಕೂರಿಸಿ ನೇತುಹಾಕಿದ್ದೇನೆ, ಬೇರುಗಳು ಮೊಣಕಾಲಿನವರೆಗೆ ಜೋತುಬಿದ್ದಿವೆ. ಬೆಳಿಗ್ಗೆ ಏಳಕ್ಕೆ ನೀರು ಚಿಮುಕಿಸುತ್ತೇನೆ. ಬೂದಿ ಬಣ್ಣದ ಬೇರು ನೋಡನೋಡುತ್ತಲೇ ಹಸಿರಾಗುತ್ತದೆ. ನೀರು ಬಿದ್ದ ಕಡೆ ಮೊದಲು, ಆಮೇಲೆ ಅಂಚು. ನನ್ನ ಕಾಫಿ ತಣ್ಣಗಾಗೋದು ದಿನಾ ಆ ಹೊತ್ತಿಗೇ. ಮತ್ತೆ ಬೂದಿ ಬಣ್ಣಕ್ಕೆ ಬರುವವರೆಗೆ ನೀರಿನ ಮಾತಿಲ್ಲ. ನೀನೂ ಇದೊಂದು ಲೆಕ್ಕ ಇಟ್ಟುಕೋ, ಪುಸ್ತಕ ಓದೋದು ಬೇಡ.

ದ್ವೀಪದ ಕಾಟ ಬೇರೆಯೇ ಇದೆ. ಗಾಳಿ ಜೋರಾದ ದಿನ ಎಲೆ ಮೇಲೆ ಉಪ್ಪು ಕೂರುತ್ತದೆ. ಬೆರಳಾಡಿಸಿ ನಾಲಿಗೆಗೆ ಹಚ್ಚಿದರೆ ಗೊತ್ತಾಗುವಷ್ಟು. ತೊಳೆಯದೆ ಬಿಟ್ಟರೆ ಎಲೆತುದಿ ಕರಕಲು. ತೊಳೆಯೋಣ ಅಂದರೆ ಬಾವಿ ನೀರೂ ಬೇಸಿಗೆಯಲ್ಲಿ ಉಪ್ಪುಪ್ಪು. ಹಾಗಾಗಿ ಸೂರಿನ ಕೆಳಗೆ ಎರಡು ಡ್ರಮ್ ಇಟ್ಟು ಮಳೆನೀರು ಹಿಡಿಯುತ್ತೇನೆ. ಅದು ಆರ್ಕಿಡ್‌ಗಳಿಗೆ ಮಾತ್ರ. ನನಗೆ ಸ್ನಾನಕ್ಕೆ ಬಾವಿಯದೇ.

ಬೇಲಿ ಮೇಲೆ ವೆನಿಲಾ ಬಳ್ಳಿ ಇದೆ ಅಂತ ಹೇಳಿದ್ದೆ ಅಲ್ವಾ? ಅದೂ ಆರ್ಕಿಡ್ಡೇ. ಹೂ ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುದುಡುತ್ತದೆ. ಅದರ ಊರು ಮೆಕ್ಸಿಕೋ ಕಡೆ. ಅಲ್ಲಿಂದ ಬೇರೆ ಕಡೆಗೆ ಬಳ್ಳಿ ಹೋಯಿತು, ಕಾಯಿ ಕಟ್ಟಿಸುವ ಹುಳ ಹೋಗಲಿಲ್ಲ. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಗುಲಾಮ ಹುಡುಗ ಒಂದು ಕಡ್ಡಿಯಿಂದ ಹೂವಿನೊಳಗಿನ ತೆಳು ಪರದೆ ಎತ್ತಿ, ಹೆಬ್ಬೆರಳಲ್ಲಿ ಪರಾಗ ಒತ್ತಿ ತೋರಿಸಿದ. ಇವತ್ತಿಗೂ ಎಲ್ಲರೂ ಮಾಡೋದು ಹಾಗೇ. ನಾನೂ ಹಲ್ಲುಕಡ್ಡಿ ಹಿಡಿದು ಹನ್ನೊಂದು ಹೂವಿಗೆ ಮಾಡಿದೆ, ಏಳು ಕಚ್ಚಿದವು. ಕಾಯಿ ಬಲಿಯಲು ಎಂಟೊಂಬತ್ತು ತಿಂಗಳು. ಹನ್ನೆರಡರಲ್ಲಿ ನಾವು ಏನು ಮಾಡ್ತಿದ್ವಿ ಹೇಳು, ಗೋಲಿ ಆಡ್ತಿದ್ವಿ.

ಈಗ ನಿನಗೆ ಹೇಳಲೇಬೇಕು ಅಂತ ಕೂತದ್ದು. ಹಿತ್ತಲ ಮರದ ಕವಲಿನಲ್ಲಿ ನಾನು ನೆಡದೇ ಬಂದ ಗಿಡ ಒಂದಿದೆ, ಡೆಂಡ್ರೋಬಿಯಂ ಕ್ರುಮೆನಾಟಮ್. ಹಾರುವ ಪಾರಿವಾಳದ ಹಾಗೆ ಕಾಣುವ ಬಿಳಿ ಹೂವು, ಅದಕ್ಕೇ ಪಾರಿವಾಳದ ಆರ್ಕಿಡ್ ಅಂತಾರೆ. ಕಾಸಿನ ಬೆಲೆ ಇಲ್ಲ, ಸ್ಪರ್ಧೆಗೆ ಯಾರೂ ಒಯ್ಯುವುದಿಲ್ಲ. ಅದರ ಮೊಗ್ಗು ಸ್ವಲ್ಪ ಬೆಳೆದು ನಿಂತುಬಿಡುತ್ತದೆ. ವಾರಗಟ್ಟಲೆ ಹಾಗೇ. ಒಂದು ದಿನ ಜೋರು ಮಳೆ ಸುರಿದು ಶಾಖ ಐದಾರು ಡಿಗ್ರಿ ಥಟ್ಟನೆ ಇಳಿಯಬೇಕು. ಅಲ್ಲಿಂದ ಎಣಿಸು, ಹೆಚ್ಚುಕಡಿಮೆ ಒಂಬತ್ತನೇ ಬೆಳಿಗ್ಗೆ ಅರಳುತ್ತದೆ. ನನ್ನ ಮರದ್ದು ಮಾತ್ರ ಅಲ್ಲ, ಆ ಮಳೆ ಬಿದ್ದ ಕಡೆಯೆಲ್ಲ, ರಸ್ತೆ ಬದಿಯ ಮರಗಳ ಮೇಲಿನದ್ದೂ ಒಟ್ಟಿಗೇ. ಕಿಟಕಿ ತೆರೆದರೆ ಸಿಹಿ ವಾಸನೆ. ಸಂಜೆ ಹೊತ್ತಿಗೆ ಹೂವು ಜೋತು ಬೀಳುತ್ತದೆ. ಒಂದೇ ದಿನದ ಬಾಳು, ಅದಕ್ಕೇ ಎಲ್ಲವೂ ಒಟ್ಟಿಗೆ ಅರಳಬೇಕು. ಇಲ್ಲದಿದ್ದರೆ ಒಂದರ ಪರಾಗ ಇನ್ನೊಂದಕ್ಕೆ ಸಿಗುವುದು ಹೇಗೆ?

ಹೋದ ವರ್ಷ ನನಗೆ ಇದು ಗೊತ್ತಿರಲಿಲ್ಲ. ಎರಡು ದಿನ ಬೇರೆ ಕಡೆ ಹೋಗಿ ಬಂದರೆ ಮರದ ಕೆಳಗೆ ಮುದುಡಿದ ಬಿಳಿ ಚೂರುಗಳು. ಆಮೇಲೆ ಕ್ಯಾಲೆಂಡರಿನಲ್ಲಿ ಪ್ರತಿ ದೊಡ್ಡ ಮಳೆಗೂ ಗುರುತು ಹಾಕಲು ಶುರು ಮಾಡಿದೆ. ಮನೆಯವರು ನನ್ನನ್ನು ನೋಡುವ ರೀತಿಯೇ ಬದಲಾಗಿದೆ, ಬಿಡು.

ಒಂದು ಮರಿ ಕಳಿಸು ಅಂತ ನೀನು ಅಂದಿದ್ದೆ. ಕಳಿಸಲಾರೆ. ಆರ್ಕಿಡ್ ಕುಟುಂಬವೇ ಸೈಟೀಸ್ ಅನ್ನೋ, ಕಾಡು ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ, ಕಾಗದಪತ್ರ ಇಲ್ಲದೆ ದೇಶ ದಾಟಿಸುವ ಹಾಗಿಲ್ಲ. ನೀನೇ ಬಾ, ನೋಡಿಕೊಂಡು ಹೋಗು.

ಕಳೆದ ವಾರ ಬುಧವಾರ ಮಧ್ಯಾಹ್ನ ಇಲ್ಲಿ ಮಳೆ ಹೊಡೆಯಿತು, ಸ್ವೆಟರ್ ಹುಡುಕುವಷ್ಟು ತಂಪಾಯಿತು. ಇವತ್ತು ಗುರುವಾರ, ಎಂಟನೇ ದಿನ. ಈಗಷ್ಟೇ ಟಾರ್ಚ್ ಹಿಡಿದು ನೋಡಿ ಬಂದೆ. ಮೊಗ್ಗು ಬೆಳ್ಳಗಾಗಿ ಉಬ್ಬಿವೆ. ಬೆಳಿಗ್ಗೆ ಫೋಟೋ ಕಳಿಸ್ತೀನಿ. ಬರದಿದ್ದರೆ ಲೆಕ್ಕ ತಪ್ಪಿದೆ ಅಂದುಕೋ, ಫೋನ್ ಮಾಡಿ ಗೋಳು ಹುಯ್ಕೋಬೇಡ.

ನಿನ್ನ,
ಹೂವಿಲ್ಲದ ಫಲೆನಾಪ್ಸಿಸ್‌ನ ಯಜಮಾನ