ಗೊರಕೆ ನಿಂತಾಗ ಗಮನಿಸಿ

ಸಿಡ್ನಿ

ಅತ್ತಿಗೆಯವರಿಗೆ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ಅಮ್ಮ, ಮಕ್ಕಳು ಚೆನ್ನಾಗಿದ್ದಾರೆಂದು ನಂಬಿದ್ದೇನೆ.

ಅಣ್ಣ ಮಲಗಿದ್ದಾಗ ನೀವು ತೆಗೆದ ವಿಡಿಯೊವನ್ನು ಇಲ್ಲಿನ ಸ್ಲೀಪ್ ಲ್ಯಾಬಿನಲ್ಲಿ ನೋಡುವ ಹಾಗೆಯೇ, ಸೆಕೆಂಡು ಎಣಿಸುತ್ತಾ ನೋಡಿದೆ. ಗೊರಕೆ ಜಾಸ್ತಿ ಎಂದು ಬರೆದಿದ್ದೀರಿ. ನನಗೆ ಹೆದರಿಕೆಯಾದದ್ದು ಗೊರಕೆಗಲ್ಲ, ಅದು ನಡುವೆ ನಿಂತುಹೋಗುವುದಕ್ಕೆ. ಒಂದು ಕಡೆ 26 ಸೆಕೆಂಡು ಸದ್ದೇ ಇಲ್ಲ. ಹೊದಿಕೆಯನ್ನು ಗಮನಿಸಿ: ಹೊಟ್ಟೆ ಉಬ್ಬುತ್ತದೆ, ಎದೆ ಒಳಕ್ಕೆ ಕುಸಿಯುತ್ತದೆ. ದೇಹ ಉಸಿರಿಗೆ ಒದ್ದಾಡುತ್ತಿದೆ, ಗಾಳಿ ಮಾತ್ರ ಒಳಗೆ ಹೋಗುತ್ತಿಲ್ಲ. ಆಮೇಲೆ ಗೊರ್ರೆಂದು ಒಂದು ಏದುಸಿರು, ಮತ್ತೆ ಗೊರಕೆ. ನಿದ್ದೆಯಲ್ಲಿ ಉಸಿರು ಪದೇಪದೇ ನಿಲ್ಲುವ ಕಾಯಿಲೆ, ಸ್ಲೀಪ್ ಅಪ್ನಿಯಾದ ಲಕ್ಷಣ ಹೀಗೇ ಇರುತ್ತದೆ. ಖಾತ್ರಿ ಮಾಡಿಕೊಳ್ಳಲು ಪರೀಕ್ಷೆ ಆಗಲೇಬೇಕು.

ನಿದ್ದೆಯಲ್ಲಿ ಗಂಟಲ ಸ್ನಾಯು ಸಡಿಲವಾಗಿ, ನಾಲಿಗೆಯ ಬುಡ ಹಿಂದಕ್ಕೆ ಜಾರಿ ಉಸಿರಿನ ದಾರಿ ಮುಚ್ಚುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮಿದುಳು ಎಬ್ಬಿಸುತ್ತದೆ. ಆ ಎಚ್ಚರ ಕೆಲವೇ ಸೆಕೆಂಡಿನದು, ಬೆಳಿಗ್ಗೆ ನೆನಪಿರುವುದಿಲ್ಲ. ಹಾಗಾಗಿ ಅಣ್ಣ "ಚೆನ್ನಾಗಿ ನಿದ್ದೆ ಬಂತು" ಅನ್ನುವುದು ಸುಳ್ಳಲ್ಲ, ಅವನಿಗೆ ಗೊತ್ತೇ ಆಗುವುದಿಲ್ಲ. ಪ್ರತಿ ಸಲವೂ ರಕ್ತನಾಳ ಬಿಗಿದು ಬಿಪಿ ಏರುತ್ತದೆ. ಎರಡು ಮಾತ್ರೆ ನುಂಗಿದರೂ 150/95ರಿಂದ ಕೆಳಗಿಳಿಯದಿರುವುದಕ್ಕೆ ಇದೂ ಕಾರಣವಿರಬಹುದು. ರಾತ್ರಿ ಮೂರು ಸಲ ಮೂತ್ರಕ್ಕೆ ಏಳುವುದನ್ನು ಶುಗರ್ ಅಥವಾ ಪ್ರಾಸ್ಟೇಟ್ ಎಂದಷ್ಟೇ ಅಂದುಕೊಳ್ಳಬೇಡಿ. ಮುಚ್ಚಿದ ಗಂಟಲಲ್ಲಿ ಉಸಿರೆಳೆದಾಗ ಎದೆಯೊಳಗಿನ ಒತ್ತಡ ಕುಸಿದು ಹೃದಯದ ಮೇಲ್ಕೋಣೆ ಹಿಗ್ಗುತ್ತದೆ. ಆಗ ಅದು ಬಿಡುವ ಹಾರ್ಮೋನಿನಿಂದ ಮೂತ್ರ ಹೆಚ್ಚುತ್ತದೆ. ಹೃದಯದ ಲಯ ತಪ್ಪುವ, ಲಕ್ವ ಹೊಡೆಯುವ ಅಪಾಯವೂ ಇದರಿಂದ ಏರುತ್ತದೆ. ಪರೀಕ್ಷೆ, ಚಿಕಿತ್ಸೆ ಆಗುವ ತನಕ ರಾತ್ರಿ ಶಿರಾಡಿ ಘಾಟಿಯಲ್ಲಿ ಅವನು ಕಾರು ಓಡಿಸುವುದು ಬೇಡವೇ ಬೇಡ. ಅವನ ಹಾಗೆ ಮಾತಾಡುತ್ತಲೇ ತೂಕಡಿಸುವವರಿಗೆ ಸ್ಟೀರಿಂಗ್ ಹಿಡಿದಾಗಲೂ ಕಣ್ಣು ಮುಚ್ಚುತ್ತದೆ.

ಅಣ್ಣ ಅಷ್ಟೇನೂ ದಪ್ಪ ಇಲ್ಲವಲ್ಲ ಎಂದು ಕೇಳಿದ್ದೀರಿ. ದವಡೆ ಚಿಕ್ಕದಿದ್ದು, ಹಿಂದಕ್ಕೆ ಸರಿದಿದ್ದರೆ ಸಣಕಲು ಮೈಯವರಿಗೂ ಬರುತ್ತದೆ. ಟೇಪು ಹಿಡಿದು ಕತ್ತಿನ ಸುತ್ತಳತೆ ನೋಡಿ, 40 ಸೆಂ.ಮೀ. ದಾಟಿದ್ದರೆ ಅನುಮಾನ ಗಟ್ಟಿಯಾಗುತ್ತದೆ.

ಶ್ವಾಸಕೋಶದ ಡಾಕ್ಟರ ಹತ್ತಿರ ಹೋಗಿ, ಆ ವಿಡಿಯೊ ತೋರಿಸಿ. ಮನೆಯಲ್ಲೇ ಒಂದು ರಾತ್ರಿ ಮಾಡುವ ಪರೀಕ್ಷೆ ಇದೆ: ಮೂಗಿನ ಕೆಳಗೆ ತೆಳು ನಳಿಕೆ, ಎದೆಗೆ ಪಟ್ಟಿ, ಬೆರಳಿಗೆ ಕ್ಲಿಪ್. ವರದಿಯಲ್ಲಿ ಎಎಚ್‌ಐ ಎಂಬ ಅಂಕಿ ನೋಡಿ. ಗಂಟೆಗೆ ಎಷ್ಟು ಸಲ ಉಸಿರು ಕನಿಷ್ಠ 10 ಸೆಕೆಂಡು ನಿಂತಿತು ಅಥವಾ ಕುಗ್ಗಿತು ಎಂಬ ಲೆಕ್ಕ ಅದು. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಮನೆಯ ಯಂತ್ರಕ್ಕೆ ನಿದ್ದೆ ಯಾವುದು, ಎಚ್ಚರ ಯಾವುದು ತಿಳಿಯದು. ಸುಮ್ಮನೆ ಹೊರಳಾಡಿದ ಹೊತ್ತನ್ನೂ ಸೇರಿಸಿ ಭಾಗಿಸುತ್ತದೆ, ಹಾಗಾಗಿ ಅಂಕಿ ಕಡಿಮೆ ಬರಬಹುದು. ನಾರ್ಮಲ್ ಎಂದು ಬಂದರೆ ಸುಮ್ಮನಾಗದೆ, ಲ್ಯಾಬಿನಲ್ಲಿ ಒಂದು ರಾತ್ರಿ ಮಲಗಿಸಿ ನೋಡಲು ಕೇಳಿ.

ಮಧ್ಯಮ, ತೀವ್ರ ಹಂತಕ್ಕೆ ಹೆಚ್ಚಾಗಿ ಹೇಳುವುದು ಸಿಪ್ಯಾಪ್ ಎಂಬ ಯಂತ್ರ. ಇದನ್ನು ರೂಪಿಸಿದ ಡಾ. ಕಾಲಿನ್ ಸಲಿವನ್ ಇದೇ ಸಿಡ್ನಿಯವರು. 1981ರಲ್ಲಿ ಐದು ರೋಗಿಗಳ ಮೇಲಿನ ಫಲಿತಾಂಶ ಪ್ರಕಟಿಸಿದರು. ಮಾಸ್ಕಿನ ಮೂಲಕ ಒತ್ತಡದ ಗಾಳಿ ಗಂಟಲನ್ನು ತೆರೆದಿಡುತ್ತದೆ, ಅಷ್ಟೆ. ಆಮ್ಲಜನಕದ ಸಿಲಿಂಡರಲ್ಲ.

ಬಹಳ ಜನ ಇದನ್ನು ಮೂಲೆಗಿಡುವುದು ಮಾಸ್ಕಿನಿಂದಾಗಿ. ಕೂತುಕೊಂಡು ಅಳತೆ ನೋಡಬಾರದು. ಮಲಗಿದಾಗ ಮುಖದ ಆಕಾರ ಬದಲಾಗುತ್ತದೆ. ಯಂತ್ರ ಹಾಕಿ, ಮಲಗಿ, ಮಾಸ್ಕನ್ನು ಒಮ್ಮೆ ಮುಖದಿಂದ ಎತ್ತಿ ಬಿಡಿ. ಅಂಚಿನ ಮೆತ್ತೆ ಗಾಳಿ ತುಂಬಿ ತಾನೇ ಕೂರುತ್ತದೆ. ಆಮೇಲೆ ಪಟ್ಟಿ ಎಳೆಯಿರಿ, ಕೆನ್ನೆಯ ಪಕ್ಕ ಒಂದೆರಡು ಬೆರಳು ತೂರುವಷ್ಟು ಸಡಿಲವಿರಲಿ. ಗಾಳಿ ಸೋರಿದರೆ ಇನ್ನೂ ಬಿಗಿಯುವುದು ಎಲ್ಲರೂ ಮಾಡುವ ತಪ್ಪು: ಮೆತ್ತೆ ಮಡಚಿ ಸೋರಿಕೆ ಹೆಚ್ಚುತ್ತದೆ, ಮೂಗಿನ ಮೇಲೆ ಹುಣ್ಣಾಗುತ್ತದೆ. ಬೆಳಿಗ್ಗೆ ಬಾಯಿ ಒಣಗಿದ್ದರೆ ಬಾಯಿಯಿಂದ ಗಾಳಿ ಹೋಗುತ್ತಿದೆ. ಬಾಯಿಯನ್ನೂ ಮುಚ್ಚುವ ಮಾಸ್ಕ್ ಕೇಳಿ. ಮುಖದೆಣ್ಣೆಗೆ ಮೆತ್ತೆ ಜಾರುತ್ತದೆ, ದಿನಾ ಸೌಮ್ಯ ಸೋಪಿನಿಂದ ತೊಳೆಯಿರಿ. ಗಾಳಿಗೆ ತೇವ ಕೊಡಲು ಯಂತ್ರದಲ್ಲಿರುವ ನೀರಿನ ತೊಟ್ಟಿಗೆ ಬೋರ್‌ವೆಲ್ ನೀರು ಹಾಕಬೇಡಿ, ಉಪ್ಪು ಕಟ್ಟುತ್ತದೆ; ಡಿಸ್ಟಿಲ್ಡ್ ವಾಟರ್ ಹಾಕಿ, ಬೆಳಿಗ್ಗೆ ಚೆಲ್ಲಿ ಒಣಗಿಸಿ. ಕರೆಂಟ್ ಹೋದರೆ ನಿಲ್ಲದಂತೆ ಇನ್ವರ್ಟರ್ ಇರುವ ಪ್ಲಗ್ಗಿಗೇ ಹಾಕಿ. ಮೊದಲ ವಾರ ಸಂಜೆ ಟಿವಿ ನೋಡುವಾಗ ಅರ್ಧ ಗಂಟೆ ಹಾಕಿಕೊಂಡಿರಲಿ, ಉಸಿರುಕಟ್ಟುವ ಭಯ ಹೋಗುತ್ತದೆ.

ಚಿಕಿತ್ಸೆ ಶುರುವಾಗುವ ತನಕ ಅಣ್ಣ ಅಂಗಾತ ಮಲಗದೆ ಮಗ್ಗುಲಾಗಿ ಮಲಗಲಿ. ರಾತ್ರಿ ಪೆಗ್ಗು, ನಿದ್ದೆ ಮಾತ್ರೆ ಎರಡೂ ಗಂಟಲನ್ನು ಇನ್ನಷ್ಟು ಸಡಿಲ ಮಾಡುತ್ತವೆ. ಪೆಗ್ಗು ಬಿಡಲಿ, ಮಾತ್ರೆಯ ವಿಷಯ ಡಾಕ್ಟರಿಗೆ ಹೇಳಿ.

ಅಣ್ಣನ ಹರ್ನಿಯಾ ಆಪರೇಷನ್ನಿನ ದಿನ ಗೊತ್ತಾದರೆ, ಅರಿವಳಿಕೆ ಕೊಡುವ ಡಾಕ್ಟರಿಗೆ ಇದನ್ನೆಲ್ಲ ಮುಂಚೆಯೇ ತಿಳಿಸಿ. ಆಗ ಸಿಪ್ಯಾಪ್ ಬಂದಿದ್ದರೆ ಜೊತೆಗೆ ಒಯ್ಯಿರಿ. ವರದಿಯ ಎಲ್ಲ ಪುಟಗಳ ಫೋಟೊ ಕಳಿಸಿ.

ಇಂತಿ ನಿಮ್ಮ ಮೈದುನ